ಕೌಟಿಲ್ಯನಿಗೆ ಪ್ರಜೆ ಮುಖ್ಯನೋ, ಖಜಾನೆಯೋ?

ಲೆಕ್ಕದ ಮೇಷ್ಟ್ರು: ಕೌಟಿಲ್ಯನೂ ದೊಡ್ಡ ಅರ್ಥಶಾಸ್ತ್ರಜ್ಞ ಎಂದು ಅವನನ್ನು ಆಧುನಿಕ ಅರ್ಥಶಾಸ್ತ್ರದ ಪಿತಾಮಹ ಎನಿಸಿಕೊಂಡ ಆಡಮ್ ಸ್ಮಿತ್ ಪಕ್ಕ ಕೂರಿಸುವವರಿದ್ದಾರೆ, ನನಗಂತೂ ಅದು ಒಪ್ಪಿಗೆ ಇಲ್ಲ. ಸ್ಮಿತ್ ಬೆಲೆಯನ್ನು ಸಂತೆಗೆ ಬಿಟ್ಟವನು. ಕೌಟಿಲ್ಯ ವ್ಯಾಪಾರಿಯ ಲಾಭವನ್ನೇ ಕಟ್ಟಿಹಾಕಿದ. ದೇಶದೊಳಗಿನ ಸರಕಿಗೆ ನೂರಕ್ಕೆ 5, ಹೊರಗಿನದಕ್ಕೆ 10, ಅಷ್ಟೇ.

ಓಲೆಗರಿ: ಹೋಲಿಕೆ ಬಿಡಿ ಸರ್. ಕೌಟಿಲ್ಯನ 'ಅರ್ಥಶಾಸ್ತ್ರ', 1909ರಲ್ಲಿ ಮೈಸೂರಿನ ಶಾಮಾಶಾಸ್ತ್ರಿಗಳು ಅಚ್ಚು ಹಾಕಿಸಿದ ಪುಸ್ತಕ ಅದು, ಬಡ್ಡಿಯ ಭಾಗ ಒಮ್ಮೆ ತೆಗೆದು ನೋಡಿ. ಸಾಮಾನ್ಯ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದೂಕಾಲು. ವ್ಯಾಪಾರಕ್ಕೆ 5, ಕಾಡು ದಾಟುವವರಿಗೆ 10, ಸಮುದ್ರಕ್ಕೆ ಇಳಿಯುವವರಿಗೆ 20. ಅಪಾಯ ಜಾಸ್ತಿಯಾದಷ್ಟೂ ಬಡ್ಡಿ ಜಾಸ್ತಿ. ಇದು ಅರ್ಥಶಾಸ್ತ್ರ ಅಲ್ವಾ?

ಸಂಜೆಗಾಳಿ: ಇರಬಹುದು. ಆದರೆ ನೀತಿ ಎಲ್ಲಿದೆ? 'ಪ್ರಜೆಗಳ ಸುಖವೇ ರಾಜನ ಸುಖ' ಎಂಬ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದೇ ಪುಸ್ತಕದ ಐದನೇ ಅಧಿಕರಣದ, ಅಂದರೆ ಐದನೇ ಭಾಗದ, ಸುದ್ದಿ ಯಾರೂ ಎತ್ತುವುದಿಲ್ಲ. ಖಜಾನೆ ಬರಿದಾದರೆ ರಾತ್ರೋರಾತ್ರಿ ದೇವರು ಎದ್ದ ಎಂದು ನಂಬಿಸಿ, ಜಾತ್ರೆ ಮಾಡಿ ದುಡ್ಡು ಎತ್ತಬೇಕಂತೆ. ಬಾವಿಯಲ್ಲಿ ಹಲವು ಹೆಡೆಯ ಹಾವು ತೋರಿಸಿಯೂ ವಸೂಲಿ!

ಓಲೆಗರಿ: ಅದು ಕಷ್ಟಕಾಲಕ್ಕೆ ಹೇಳಿದ್ದು ಮೇಡಂ. ಅಧಿಕಾರಿಗಳು ಹಣ ಹೊಡೆಯುವ 40 ದಾರಿಗಳನ್ನು ಪಟ್ಟಿ ಮಾಡಿದವನೂ ಅವನೇ.

ಲೆಕ್ಕದ ಮೇಷ್ಟ್ರು: ಆ ಪಟ್ಟಿಗೆ ನನ್ನದೂ ನಮಸ್ಕಾರ. ಆದರೆ ಅದೂ ಖಜಾನೆ ಕಾಯುವುದಕ್ಕೇ.

ಬುತ್ತಿಗಂಟು: ಎಲ್ಲರೂ ಕೌಟಿಲ್ಯನ ಸುತ್ತಲೇ ತಿರುಗುತ್ತಿದ್ದೀರಿ. ಬೌದ್ಧರ ಪಾಲಿ ಗ್ರಂಥ ದೀಘನಿಕಾಯದಲ್ಲಿರುವ ಕೂಟದಂತ ಸುತ್ತ ಎಂಬ ಉಪದೇಶ ಓದಿ. ರಾಜನಿಗೆ ದೊಡ್ಡ ಯಜ್ಞ ಮಾಡುವ ಆಸೆ. ನಾಡಿನಲ್ಲಿ ಕಳ್ಳರ ಕಾಟ. ಈಗ ತೆರಿಗೆ ಹಾಕಿದರೆ ತಪ್ಪು ಎನ್ನುತ್ತಾನೆ ಪುರೋಹಿತ. ಕೊಂದರೂ ಕಟ್ಟಿಹಾಕಿದರೂ ಕಳ್ಳತನ ನಿಲ್ಲದು, ಉಳಿದವರು ಮತ್ತೆ ಕಾಡುತ್ತಾರೆ. ಅದರ ಬದಲು ರೈತನಿಗೆ ಬೀಜ ಕೊಡು, ವ್ಯಾಪಾರಿಗೆ ಬಂಡವಾಳ ಕೊಡು, ನೌಕರನಿಗೆ ಊಟ, ಸಂಬಳ ಕೊಡು. ಅವರವರ ಕೆಲಸದಲ್ಲಿ ಅವರು ಮುಳುಗಿದರೆ ನಿನ್ನ ಆದಾಯವೂ ಏರುತ್ತದೆ ಎನ್ನುತ್ತಾನೆ.

ಸಂಜೆಗಾಳಿ: ಚೆನ್ನಾಗಿದೆ. ಆದರೆ ಕಥೆ. ಯಾವ ರಾಜ ಕೇಳಿದ?

ಬುತ್ತಿಗಂಟು: ಅಶೋಕ ಲುಂಬಿನಿಯಲ್ಲಿ ಬಲಿ ಎಂಬ ತೆರಿಗೆ ಬಿಟ್ಟ, ಬೆಳೆಯ ಪಾಲನ್ನು ಎಂಟರಲ್ಲೊಂದಕ್ಕೆ ಇಳಿಸಿದ. ಅಲ್ಲಿನ ಕಂಬದ ಮೇಲೇ ಕೆತ್ತಿದೆ.

ಲೆಕ್ಕದ ಮೇಷ್ಟ್ರು: ಬುದ್ಧ ಹುಟ್ಟಿದ ಊರು ಅಂತ ತಾನೇ? ಅದು ಭಕ್ತಿ ಸ್ವಾಮಿ. ಪಕ್ಕದ ಊರಿನ ರೈತನೂ ಬಿತ್ತುತ್ತಿದ್ದ, ಅವನಿಗೇನು ಸಿಕ್ಕಿತು?