ಗೂಡಲೂರಿನ ಜನ್ಮಂ ಕಾಡು: ಕೋರ್ಟಿಗೆ ಹೋದರೆ ಮಾಲೀಕರಿಗೆ ಏನು ಸಿಗುತ್ತದೆ?

ಮೈಸೂರು_ಓದುಗ:
ನಮ್ಮ ಅತ್ತೆಯವರದು ತಮಿಳುನಾಡಿನ ನೀಲಗಿರಿಯ ಗೂಡಲೂರು ಹತ್ತಿರ ಸಣ್ಣ ಚಹಾ ತೋಟ. ಸೆಕ್ಷನ್ 17 ಜಮೀನು, ಅಂದರೆ ಜನ್ಮಂ ರದ್ದು ಕಾಯ್ದೆಯಲ್ಲಿ ಲೀಸಿನ ತೋಟಗಳ ಸೆಕ್ಷನ್‌ಗೆ ಬರೋದು. ಮೇಲಂಚಿನಲ್ಲಿ ಸ್ವಲ್ಪ ಕಾಡು. ಮಾವನ ಕಾಲದ ಲೀಸ್ ಪತ್ರ ಟ್ರಂಕಿನಲ್ಲಿದೆ, ಪಟ್ಟಾ ಇಲ್ಲ. ಪಟ್ಟಾ ಇಲ್ಲ ಅಂತ ಮನೆಗೆ ಕರೆಂಟೂ ಬಂದಿಲ್ಲ. ಗಾಳಿಗೆ ಬಿದ್ದ ಮರ ಮುಟ್ಟೋದಕ್ಕೂ ಅತ್ತೆಗೆ ಭಯ. ‘1972ರಲ್ಲೇ ಸುಪ್ರೀಂ ಕೋರ್ಟ್ ಮಾಲೀಕರ ಪರ ತೀರ್ಪು ಕೊಟ್ಟಿದೆ, ಕೇಸ್ ಹಾಕಿ’ ಅಂತ ಊರಿನವರೊಬ್ಬರು ಹೇಳುತ್ತಿದ್ದಾರೆ. ನಿಜವಾ?

ವಕೀಲೆ_ಚಾಮರಾಜನಗರ:
ತೀರ್ಪು ಬಂದಿದ್ದು ನಿಜ ಸರ್. ಆದರೆ ಅದೊಂದನ್ನೇ ನಂಬಿ ಕೇಸ್ ಹಾಕಬೇಡಿ.

ಆ ಜಮೀನೆಲ್ಲ ಕೇರಳದ ನಿಲಂಬೂರು ಕೋವಿಲಗಂ ಅನ್ನುವ ರಾಜಮನೆತನದ ಜನ್ಮಂ ಆಸ್ತಿಯಾಗಿತ್ತು. ಜನ್ಮಂ ಅಂದರೆ ವಂಶಪಾರಂಪರ್ಯ ಒಡೆತನ. 1969ರಲ್ಲಿ ತಮಿಳುನಾಡು ಜನ್ಮಂ ರದ್ದು ಮಾಡುವ ಕಾಯ್ದೆ ತಂದಿತು. ಬಾಲ್ಮಡೀಸ್ ಪ್ಲಾಂಟೇಶನ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಒಪ್ಪಿತು, ಕಾಡು ಸರ್ಕಾರಕ್ಕೆ ಸೇರುತ್ತದೆ ಅನ್ನುವ ಭಾಗವನ್ನು ಮಾತ್ರ ಹೊಡೆದುಹಾಕಿತು. ಭೂಸುಧಾರಣೆಗಾದರೆ ಸಂವಿಧಾನದ 31ಎ ವಿಧಿಯ ರಕ್ಷಣೆ ಇದೆ, ಮೂಲಭೂತ ಹಕ್ಕಿನ ಹೆಸರಲ್ಲಿ ಕಾಯ್ದೆಯನ್ನು ಹೊಡೆಯೋ ಹಾಗಿಲ್ಲ. ಸುಮ್ನೆ ಕಾಡು ತೆಗೆದುಕೊಂಡರೆ ಅದು ಭೂಸುಧಾರಣೆ ಹೇಗಾಗುತ್ತದೆ ಅನ್ನೋದು ಕೋರ್ಟಿನ ವಾದ. ಮರುವರ್ಷ, 1973ರಲ್ಲಿ, ಗ್ವಾಲಿಯರ್ ರೇಯಾನ್ ಕೇಸಿನಲ್ಲಿ ಕೇರಳದ ಖಾಸಗಿ ಕಾಡಿನ ಕಾಯ್ದೆ ಉಳಿಯಿತು. ತೆಗೆದುಕೊಂಡ ಜಮೀನನ್ನು ಕೃಷಿ ಕಾರ್ಮಿಕರಿಗೆ ಹಂಚುವ ಮಾತು ಅದರಲ್ಲಿ ಬರೆದಿತ್ತು. ಅದೇ ಪಶ್ಚಿಮ ಘಟ್ಟ, ಅಂಥದೇ ಕಾಡು. ಕಾಯ್ದೆಯಲ್ಲಿ ಉದ್ದೇಶ ಬರೆದಿದೆಯೋ ಇಲ್ಲವೋ ಅನ್ನೋದರ ಮೇಲೆ ಫಲ ಉಲ್ಟಾ.

1974ರಲ್ಲಿ ಸಂವಿಧಾನದ 34ನೇ ತಿದ್ದುಪಡಿ ಬಂತು. ಕೋರ್ಟ್ ಹೊಡೆದ ಭಾಗದ ಸಮೇತ ಇಡೀ ಕಾಯ್ದೆ ಒಂಬತ್ತನೇ ಅನುಸೂಚಿಗೆ, ಅಂದರೆ ಮೂಲಭೂತ ಹಕ್ಕಿನ ಹೆಸರಲ್ಲಿ ಪ್ರಶ್ನಿಸಲಾಗದ ಕಾಯ್ದೆಗಳ ಪಟ್ಟಿಗೆ, ಹೋಯಿತು. ಅದನ್ನು ಪ್ರಶ್ನಿಸಿದ್ದೇ ಐ.ಆರ್. ಕೊಯೆಲ್ಲೊ ಕೇಸ್. ಒಂಬತ್ತು ನ್ಯಾಯಮೂರ್ತಿಗಳ ಪೀಠ 2007ರ ಜನವರಿ 11ರಂದು ಒಮ್ಮತದ ತೀರ್ಪು ಕೊಟ್ಟಿತು: 1973ರ ಏಪ್ರಿಲ್ 24ರ ನಂತರ ಆ ಪಟ್ಟಿಗೆ ಸೇರಿದ ಕಾಯ್ದೆಗಳನ್ನು ಸಂವಿಧಾನದ ಮೂಲ ರಚನೆಗೆ ಧಕ್ಕೆ ತರುತ್ತವೆ ಅನ್ನುವ ಆಧಾರದಲ್ಲಿ ಪ್ರಶ್ನಿಸಬಹುದು. ಆ ತಾರೀಖು ನಮ್ಮ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಕೇಸಿನದು, ಮೂಲ ರಚನೆಯನ್ನು ಸಂಸತ್ತೂ ಬದಲಿಸೋ ಹಾಗಿಲ್ಲ ಅಂದ ತೀರ್ಪು. ಆದರೆ ಗೂಡಲೂರಿನ ಕಾಡು ಯಾರದು ಅಂತ ಆ ಪೀಠ ಹೇಳಲೇ ಇಲ್ಲ. ಕಡತವನ್ನು ಮೂವರ ಪೀಠಕ್ಕೆ ಕಳಿಸಿತು. ಕಾನೂನು ಕಾಲೇಜುಗಳಲ್ಲಿ ಈ ತೀರ್ಪನ್ನು ಪಾಠ ಮಾಡುತ್ತಾರೆ, ಅತ್ತೆಯಂಥವರ ಹೆಸರೇ ಬರಲ್ಲ. ನನಗೆ ಇದು ತುಂಬಾ ಬೇಸರ.

ಇನ್ನೊಂದು ವಿಷಯ. 44ನೇ ತಿದ್ದುಪಡಿಯ ನಂತರ ಆಸ್ತಿ ಮೂಲಭೂತ ಹಕ್ಕಲ್ಲ. ಉಳಿದಿರೋದು 300ಎ ವಿಧಿ: ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳಬಾರದು. 2011ರ ಕೆ.ಟಿ. ಪ್ಲಾಂಟೇಶನ್ ಕೇಸಿನಲ್ಲಿ, ಅಂದರೆ ಬೆಂಗಳೂರಿನ ದೇವಿಕಾ ರಾಣಿ ರೋರಿಚ್ ಎಸ್ಟೇಟಿನ ಕೇಸಿನಲ್ಲಿ, ಸಾರ್ವಜನಿಕ ಉದ್ದೇಶ ಬೇಕೇ ಬೇಕು, ಪರಿಹಾರ ಕೊಡಬೇಕು ಅನ್ನೋದೂ 300ಎಯಲ್ಲೇ ಅಡಗಿದೆ ಅಂತ ಕೋರ್ಟ್ ಹೇಳಿತು. ಆದರೂ ರೋರಿಚ್ ಎಸ್ಟೇಟ್ ಕಾಯ್ದೆ ಉಳಿಯಿತು.

ಕಾಡುಪ್ರೇಮಿ_ಗುಂಡ್ಲುಪೇಟೆ:
ಮರಗಳ ಕಡೆಯಿಂದಲೂ ಒಂದು ಮಾತು. ಗೂಡಲೂರಿನಲ್ಲಿ ಮರ ಕಡಿಯೋದು ನೋಡಿ 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಅದೇ ಕೋವಿಲಗಂನ ಗೋದವರ್ಮನ್ ತಿರುಮುಲ್ಪಾಡ್. 1996ರ ಡಿಸೆಂಬರ್ 12ರ ಆದೇಶದ ಪ್ರಕಾರ ಕಾಡು ಅಂದರೆ ಕಾಡೇ, ಮಾಲೀಕ ಯಾರಾದರೂ ಸರಿ. ಅತ್ತೆಗೆ ಪಟ್ಟಾ ಸಿಕ್ಕರೂ ಆ ಮೇಲಂಚಿನ ಮರ ಕಡಿಯೋ ಹಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಕಡಿಯಲೂಬಾರದು. ಆ ಕಾಡಿನಿಂದಲೇ ತೋಟಕ್ಕೆ ನೀರು.

ಮೈಸೂರು_ಓದುಗ:
ಅತ್ತೆಗೆ ಮರ ಬೇಡ ಸರ್, ಕರೆಂಟ್ ಬೇಕು.

ವಕೀಲೆ_ಚಾಮರಾಜನಗರ:
ಹಾಗಾದರೆ ಕಾಯ್ದೆಯನ್ನು ಬಿಡಿ, ಕಾಗದ ಹಿಡಿಯಿರಿ. 2014ರಲ್ಲಿ ಮುಂಬೈಯ ವಿಕ್ರೋಲಿಯ ಜಮೀನಿನ ಕೇಸಿನಲ್ಲಿ ಗೋದ್ರೆಜ್ ಗೆದ್ದಿದ್ದು ಹಾಗೆ. 1950ರ ದಶಕದಲ್ಲಿ ಹೊರಡಿಸಿ ಮುಂದುವರಿಸದೆ ಬಿಟ್ಟ ನೋಟಿಸ್ ಇಟ್ಟುಕೊಂಡು ‘ಖಾಸಗಿ ಕಾಡು, ಸರ್ಕಾರದ್ದು’ ಅನ್ನೋ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದು ಮಹಾರಾಷ್ಟ್ರದ ಕಾಯ್ದೆ, ಇಲ್ಲಿಗೆ ನೇರವಾಗಿ ಹೊಂದಲ್ಲ, ಆದರೆ ದಾರಿ ಅದೇ. ಲೀಸ್ ಪತ್ರ, ಹಳೇ ಕಂದಾಯ ರಸೀದಿ, ಅತ್ತೆಗೆ ಬಂದ ಪ್ರತಿಯೊಂದು ನೋಟಿಸು ಜೋಡಿಸಿ. ನೋಟಿಸೇ ಬಂದಿಲ್ಲವಾದರೆ ಅದನ್ನೂ ಬರೆದಿಡಿ. ಕರೆಂಟಿಗೆ ಬೇರೆಯೇ ಅರ್ಜಿ ಹಾಕಿ, ಪಟ್ಟಾ ಜೊತೆ ಸೇರಿಸಬೇಡಿ. ಮದ್ರಾಸ್ ಹೈಕೋರ್ಟಿನಲ್ಲಿ ಜನ್ಮಂ ಕೇಸ್ ನಡೆಸಿದ ವಕೀಲರನ್ನೇ ಹುಡುಕಿ.