ಸರ್ವೆ ಡೇಟಾದಲ್ಲಿ ಹೆಸರು ಅಳಿಸಿದರೆ ಸಾಕೇ? ಬಿಪಿ ವಿಪರೀತ ಬಂದವರಿಗೆ ಹೇಳಬೇಕೇ?

ಪ್ರಶ್ನೆ
30 ವರ್ಷ ದಾಟಿದವರ ಬಿಪಿ, ಖಾಲಿಹೊಟ್ಟೆಯ ಸಕ್ಕರೆ ಅಳೆದು 5 ವರ್ಷ ಫಾಲೋ-ಅಪ್ ಮಾಡುವ ಅಧ್ಯಯನ. ಪ್ರೋಟೋಕಾಲ್ (ಅಧ್ಯಯನದ ಲಿಖಿತ ಯೋಜನೆ) ಎಥಿಕ್ಸ್ ಕಮಿಟಿಗೆ ಹೋಗುವ ಮುಂಚೆ ಎರಡು ವಿಷಯ ಇತ್ಯರ್ಥವಾಗಬೇಕು. ಡೇಟಾವನ್ನು ಬೇರೆ ಸಂಶೋಧಕರಿಗೂ ಕೊಡಲಿದ್ದೇವೆ. ಹೆಸರು, ಫೋನ್ ನಂಬರ್ ಅಳಿಸಿದರೆ ಸಾಕಲ್ಲವೇ? ಇನ್ನೊಂದು, ಬಿಪಿ ಹೆಚ್ಚಿದೆ ಎಂದು ಹೇಳಿಬಿಟ್ಟರೆ ಜನ ಮಾತ್ರೆ ಶುರು ಮಾಡುತ್ತಾರೆ, ರೋಗದ ಸಹಜ ಗತಿ ತಿಳಿಯುವುದಿಲ್ಲ ಅನ್ನುವುದು ತಂಡದಲ್ಲೊಬ್ಬರ ವಾದ.

ಉತ್ತರ 1
ಸಾಲದು. ಹುಟ್ಟಿದ ದಿನಾಂಕ, ಲಿಂಗ, ಅಂಚೆ ಕೋಡ್ ಈ ಮೂರೇ ಇದ್ದರೂ ಅಮೆರಿಕದ ಸುಮಾರು 87% ಜನರನ್ನು ಒಬ್ಬೊಬ್ಬರಾಗಿ ಬೇರ್ಪಡಿಸಬಹುದು ಎಂದು ಕಂಪ್ಯೂಟರ್ ವಿಜ್ಞಾನಿ ಲತಾನ್ಯಾ ಸ್ವೀನಿ 1990ರ ಜನಗಣತಿಯ ಅಂಕಿಗಳಿಂದ ಲೆಕ್ಕ ಹಾಕಿದ್ದರು.

ಹುಟ್ಟಿದ ದಿನಾಂಕದ ಬದಲು 5 ವರ್ಷದ ವಯೋಗುಂಪು ಹಾಕಿ. ತೀರಾ ವಯಸ್ಸಾದವರನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ. ಭೇಟಿಯ ದಿನಾಂಕಗಳನ್ನು ವ್ಯಕ್ತಿಗೊಂದು ಯಾದೃಚ್ಛಿಕ ಸಂಖ್ಯೆಯಷ್ಟು ದಿನ ಹಿಂದೆಮುಂದೆ ಸರಿಸಿ. ಒಬ್ಬರ ಎಲ್ಲ ದಿನಾಂಕಗಳಿಗೂ ಅದೇ ಸಂಖ್ಯೆ ಬಳಸಿದರೆ ನಡುವಿನ ಅಂತರ ಕೆಡುವುದಿಲ್ಲ. ಸ್ಟಡಿ ಐಡಿಯನ್ನು ಫೋನ್ ನಂಬರಿನ ಕೊನೆಯ ಅಂಕಿಗಳಿಂದ ಕಟ್ಟಬೇಡಿ. ಐಡಿಗೂ ಹೆಸರಿಗೂ ನಂಟು ತೋರಿಸುವ ಫೈಲ್ ಎನ್‌ಕ್ರಿಪ್ಟ್ ಆಗಿ ಬೇರೆ ಕಡೆ ಇರಲಿ.

ಕೋಷ್ಟಕದಲ್ಲಿ 5ಕ್ಕಿಂತ ಕಡಿಮೆ ಜನರಿರುವ ಕೋಶ ಮುಚ್ಚುವುದು ಸಾಮಾನ್ಯ ರೂಢಿ. ಆದರೆ ಅದೊಂದನ್ನೇ ಮುಚ್ಚಿ ಸಾಲಿನ ಮೊತ್ತ ಬಿಟ್ಟರೆ ಕಳೆದು ಕಂಡುಹಿಡಿಯಬಹುದು. ಅದೇ ಸಾಲಿನಲ್ಲೂ ಅದೇ ಕಾಲಂನಲ್ಲೂ ಇನ್ನೊಂದೊಂದು ಕೋಶ ಮುಚ್ಚಿ, ಆ ಎರಡರ ಸಾಲು-ಕಾಲಂ ಕೂಡುವ ನಾಲ್ಕನೆಯ ಕೋಶವನ್ನೂ ಮುಚ್ಚಬೇಕು. ಎಲ್ಲಕ್ಕಿಂತ ಹೆಚ್ಚು ಸೋರುವುದು ‘ಷರಾ’ ಕಾಲಂ. ‘ಪೋಸ್ಟ್‌ಮಾಸ್ಟರ್ ಪತ್ನಿ, ಡಯಾಲಿಸಿಸ್‌ನಲ್ಲಿದ್ದಾರೆ’ ಎಂದು ಗಣತಿದಾರರು ಬರೆದಿಟ್ಟಿರುತ್ತಾರೆ. ಆ ಕಾಲಂ ಪೂರ್ತಿ ತೆಗೆದುಬಿಡಿ.

ಉತ್ತರ 2
ಎರಡನೆಯದಕ್ಕೆ: ನಿಮ್ಮ ತಂಡದವರ ವಾದ ಹೊಸದಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಕಪ್ಪು ಜನರಿಗೆ ಚಿಕಿತ್ಸೆ ಕೊಡದೆ ಸಿಫಿಲಿಸ್ ಎಂಬ ಲೈಂಗಿಕ ರೋಗದ ‘ಸಹಜ ಗತಿ’ ನೋಡುತ್ತ ಕೂತದ್ದು ಇದೇ ತರ್ಕದ ಮೇಲೆ. ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ಕಮಿಟಿ ಇದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು. ಚಿಕಿತ್ಸೆ ಶುರುವಾದರೆ ಪ್ರತಿ ಫಾಲೋ-ಅಪ್‌ನಲ್ಲೂ ಮಾತ್ರೆಯ ವಿವರ ಬರೆದುಕೊಂಡು ವಿಶ್ಲೇಷಣೆಯಲ್ಲಿ ಸೇರಿಸಿ. ಅದು ಅಂಕಿಅಂಶದ ತೊಡಕು, ಬಚ್ಚಿಡಲು ನೆಪವಲ್ಲ.

ಪ್ರೋಟೋಕಾಲಿನಲ್ಲಿ ಹೀಗೆ ಬರೆಯಬಹುದು. 180/120 ಮುಟ್ಟಿದರೆ 5 ನಿಮಿಷ ಕೂರಿಸಿ ಮತ್ತೆ ಅಳೆಯುವುದು. ಮತ್ತೆಯೂ ಅಷ್ಟೇ ಇದ್ದು, ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸ್ವಾಧೀನ ತಪ್ಪುವುದು ಯಾವುದಾದರೂ ಕಂಡರೆ ತಕ್ಷಣ ಆಸ್ಪತ್ರೆಗೆ. ಲಕ್ಷಣವಿಲ್ಲದಿದ್ದರೂ ಅಂದೇ ವೈದ್ಯರ ಜೊತೆ ಮಾತಾಡಿಸಿ ರೆಫರಲ್ ಚೀಟಿ ಕೊಡುವುದು. ಖಾಲಿಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 126 ಮಿಗ್ರಾಂ ಅಥವಾ ಹೆಚ್ಚಿದ್ದರೆ ‘ನಿಮಗೆ ಡಯಾಬಿಟಿಸ್’ ಎಂದು ಗಣತಿದಾರರು ಹೇಳಕೂಡದು. ಬೆರಳು ಚುಚ್ಚಿದ ಒಂದು ರೀಡಿಂಗ್ ರೋಗನಿರ್ಣಯವಲ್ಲ, ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಲು ಬರೆದುಕೊಡಬೇಕು.

ಬಿಪಿ ಅಳೆಯಲು ತೋಳಿಗೆ ಸುತ್ತುವ ಪಟ್ಟಿಯ (ಕಫ್) ಅಳತೆಯನ್ನೂ ಮರೆಯಬೇಡಿ. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಬಿಪಿ ಹೆಚ್ಚು ತೋರಿಸುತ್ತದೆ, ಸುಮ್ಮನೆ ಜನರನ್ನು ಹೆದರಿಸಿದಂತಾಗುತ್ತದೆ. ಎರಡು ಮೂರು ಅಳತೆಯವು ಚೀಲದಲ್ಲಿರಲಿ.

ಪ್ರಶ್ನೆ ಕೇಳಿದವರು
ಸ್ಪಷ್ಟವಾಯಿತು, ಧನ್ಯವಾದ. ಒಪ್ಪಿಗೆ ಪತ್ರದಲ್ಲಿ ಡೇಟಾ ಹಂಚಿಕೆಗೆ ಒಂದು ಸಾಲು ಸಾಕೇ? ಹಣ ಕೊಡುವ ಕಂಪನಿ ಪ್ರಕಟಣೆಗೆ ಮುಂಚೆ ಫಲಿತಾಂಶ ನೋಡಬೇಕು ಅನ್ನುತ್ತಿದೆ.

ಉತ್ತರ 1
ಹಂಚಿಕೆಗೆ ಪ್ರತ್ಯೇಕ ಚೌಕ, ಪ್ರತ್ಯೇಕ ಸಹಿ. ಅದಕ್ಕೆ ‘ಬೇಡ’ ಅಂದವರೂ ಅಧ್ಯಯನದಲ್ಲಿ ಇರಬಹುದು ಎಂದು ಅಲ್ಲೇ ಬರೆಯಿರಿ. ಕಂಪನಿ ನೋಡಲಿ, ಇಂತಿಷ್ಟು ದಿನದೊಳಗೆ ಅಭಿಪ್ರಾಯ ಹೇಳಲಿ. ತಡೆಯುವ ಹಕ್ಕಾಗಲಿ ತಿದ್ದುವ ಹಕ್ಕಾಗಲಿ ಒಪ್ಪಂದದಲ್ಲಿ ಇರಕೂಡದು. ವಿಶ್ಲೇಷಣಾ ಯೋಜನೆಯನ್ನು ಡೇಟಾ ತೆರೆಯುವ ಮುಂಚೆಯೇ ಸಾರ್ವಜನಿಕ ರಿಜಿಸ್ಟ್ರಿಯಲ್ಲಿ ದಿನಾಂಕ ಸಮೇತ ದಾಖಲಿಸಿ. ಆಮೇಲೆ ‘ಈ ಗುಂಪನ್ನು ಬಿಟ್ಟು ನೋಡಿ’ ಎಂಬ ಒತ್ತಡ ಬಂದರೆ ತೋರಿಸಲು ನಿಮ್ಮ ಕೈಯಲ್ಲಿ ಕಾಗದ ಇರುತ್ತದೆ.