ಗ್ಯಾಸ್ ಕಾರಿನ ತೆರಿಗೆ ರಿಯಾಯಿತಿಯಲ್ಲಿ ದುಡ್ಡು ಮಾಡಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು, ಚಾಂಡ್ಲರ್, ಅರಿಜೋನಾ

ಎಲ್ಲರಿಗೂ ನಮಸ್ಕಾರ. ನಾನು ಈಚೆಗಷ್ಟೇ ಬೆಂಗಳೂರಿನಿಂದ ಇಲ್ಲಿಗೆ ಬಂದವನು. ಊಟದ ಹೊತ್ತಿನಲ್ಲಿ ಆಫೀಸಿನ ಹಿರಿಯರೊಬ್ಬರು ಒಂದು ಕಥೆ ಹೇಳಿದರು. ಹಿಂದೆ ಅರಿಜೋನಾದಲ್ಲಿ ಕಾರಿಗೊಂದು ಗ್ಯಾಸ್ ಟ್ಯಾಂಕ್ ಕೂರಿಸಿದರೆ ಸಾಕಿತ್ತಂತೆ, ಸರ್ಕಾರ ಬೆಲೆಯ ಅರ್ಧದಷ್ಟು ವಾಪಸ್ ಕೊಡುತ್ತಿತ್ತಂತೆ. ಜನ ಟ್ಯಾಂಕ್ ಹಾಕಿಸಿ ಪೆಟ್ರೋಲಲ್ಲೇ ಓಡಾಡಿದರಂತೆ. ಈಗ ನನಗೆ ಹಳೇ ಹೋಂಡಾ ಸಿವಿಕ್ ಸಿಎನ್‌ಜಿ ಕಾರೊಂದು ಅಗ್ಗಕ್ಕೆ ಸಿಗುತ್ತಿದೆ. ಮಾರುವವನು "ಟ್ಯಾಕ್ಸ್ ಕ್ರೆಡಿಟ್ ಸಿಗುತ್ತೆ" ಅನ್ನುತ್ತಿದ್ದಾನೆ, ಅಂದರೆ ಕಟ್ಟುವ ತೆರಿಗೆಯಲ್ಲಿ ಅಷ್ಟು ಕಳೆಯುತ್ತಾರಂತೆ. ಕ್ರೆಡಿಟ್ ತಗೊಂಡು, ಒಂದಷ್ಟು ದಿನ ಓಡಿಸಿ, ಮಾರಿಬಿಟ್ಟರೆ ಹೇಗೆ? ಹಾಗೆ ಮಾಡಿದವರು ಯಾರಾದರೂ ಇದ್ದೀರಾ? ಆ ಕಥೆ ನಿಜವಾ?

ಮೇಸಾದಿಂದ, ಹಳಬ

ಕಥೆ ಪೂರ್ತಿ ನಿಜ. ಆಗ ನಾನು ಇಲ್ಲೇ ಇದ್ದೆ. ನಾನು ಕೊಳ್ಳಲಿಲ್ಲ, ಆದರೆ ನಮ್ಮ ಆಫೀಸಿನಲ್ಲಿ ಕೊಂಡವರಿದ್ದರು. ಹಾಗಾಗಿ ಹತ್ತಿರದಿಂದಲೇ ನೋಡಿದೆ.

ಇಸವಿ 2000, ಏಪ್ರಿಲ್. ಶಾಸನಸಭೆಯ ಅಧಿವೇಶನ ಮುಗಿಯುವ ಗಡಿಬಿಡಿಯಲ್ಲಿ ಪಾಸಾದ ಕಾನೂನು ಅದು. ಮುಂದೆ ನಿಂತು ಮಾಡಿಸಿದವರು ಕೆಳಮನೆಯ ಸ್ಪೀಕರ್ ಜೆಫ್ ಗ್ರಾಸ್ಕಾಸ್ಟ್, ನಮ್ಮ ಮೇಸಾದವರೇ. ಫೀನಿಕ್ಸ್ ಕಣಿವೆಯ ಮೇಲೆ ಚಳಿಗಾಲದಲ್ಲಿ ಕೂರುವ ಕಂದು ಹೊಗೆಯನ್ನು ನೀವೂ ನೋಡಿರುತ್ತೀರಿ. ಅದನ್ನು ಕಡಿಮೆ ಮಾಡಬೇಕು, ಜನ ಸಿಎನ್‌ಜಿ, ಪ್ರೊಪೇನ್ ಕಡೆ ಬರಲಿ ಅನ್ನುವುದು ಉದ್ದೇಶ. ಉದ್ದೇಶದಲ್ಲಿ ತಪ್ಪಿಲ್ಲ. 3ರಿಂದ 10 ಮಿಲಿಯನ್ ಡಾಲರ್ ಖರ್ಚಾಗಬಹುದು ಅಂತ ಅಂದಾಜು ಮಾಡಿದ್ದರು.

ಆದರೆ ಕಾನೂನಿನಲ್ಲಿ ಎರಡು ಮಾತು ಬರೆಯುವುದನ್ನೇ ಬಿಟ್ಟಿದ್ದರು. ಟ್ಯಾಂಕ್ ಇಷ್ಟು ದೊಡ್ಡದಿರಬೇಕು ಅನ್ನುವುದು ಒಂದು. ಗ್ಯಾಸಿನಲ್ಲಿ ನಿಜವಾಗಿಯೂ ಓಡಿಸಬೇಕು ಅನ್ನುವುದು ಇನ್ನೊಂದು. ಅಷ್ಟು ಸಾಕಾಯಿತು ನೋಡಿ! ಚಾಪೆ ಕೆಳಗೆ ತೂರುವವರಿಗೆ ರಂಗೋಲಿ ಕೆಳಗೂ ಜಾಗ ಸಿಕ್ಕಿತು. ಸಣ್ಣ ಕಾರು ಕೊಳ್ಳಬೇಕು ಅಂದುಕೊಂಡವನೂ ದೊಡ್ಡ ಎಸ್‌ಯುವಿ ಬುಕ್ ಮಾಡಿದ. ಯಾಕಂದರೆ ಕ್ರೆಡಿಟ್ ಗಾಡಿಯ ಬೆಲೆಯ ಮೇಲೆ ಸಿಗುತ್ತಿತ್ತು. ಗಾಡಿ ದುಬಾರಿಯಾದಷ್ಟೂ ಲಾಭ ಜಾಸ್ತಿ.

ನಮ್ಮ ಆಫೀಸಿನವರೊಬ್ಬರ ಗಾಡಿಯ ಹಿಂಬಾಗಿಲು ತೆಗೆಸಿ ನೋಡಿದ್ದೆ. ಕಾರ್ಪೆಟ್ ಎತ್ತಿದರೆ ಮೂಲೆಯಲ್ಲೊಂದು ಟ್ಯಾಂಕ್. ನಮ್ಮೂರ ಅಡುಗೆ ಸಿಲಿಂಡರಿಗಿಂತ ಚಿಕ್ಕದು, ಮೂರ್ನಾಲ್ಕು ಗ್ಯಾಲನ್ ಹಿಡಿಯುವಂಥದ್ದು. ಡ್ಯಾಶ್‌ಬೋರ್ಡಿನಲ್ಲೊಂದು ಸ್ವಿಚ್ಚು, ಒತ್ತಿದರೆ ಗ್ಯಾಸು, ಬಿಟ್ಟರೆ ಪೆಟ್ರೋಲು. ಸ್ವಿಚ್ಚಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಪುಣ್ಯಾತ್ಮ ಇನ್ನೂ ಕಿತ್ತಿರಲಿಲ್ಲ! ಶಾಸ್ತ್ರಕ್ಕೆ ಹಾಕಿಸಿದ ಟ್ಯಾಂಕು, ಅಷ್ಟೆ.

ಬೇಸಿಗೆ ಕಳೆಯುವಷ್ಟರಲ್ಲಿ ಅಂದಾಜು ನೂರಾರು ಮಿಲಿಯನ್ ಡಾಲರಿಗೆ ಏರಿತು. ಆರುನೂರು ಮಿಲಿಯನ್ ದಾಟಬಹುದು ಅಂತಲೂ ಲೆಕ್ಕ ಹಾಕಿದರು. ಇಡೀ ರಾಜ್ಯದ ಬಜೆಟ್ಟೇ ಅಲ್ಲಾಡುವಂಥ ಮೊತ್ತ. ಅಕ್ಟೋಬರಿನಲ್ಲಿ ಗವರ್ನರ್ ಜೇನ್ ಡೀ ಹಲ್ ಯೋಜನೆಗೆ ತಡೆ ಹಾಕಿಸಿದರು. ಆಮೇಲೆ ವಿಶೇಷ ಅಧಿವೇಶನ ಕರೆದು ಶರತ್ತುಗಳನ್ನು ಬಿಗಿ ಮಾಡಿದರು. ಗ್ರಾಸ್ಕಾಸ್ಟ್ ಆ ನವೆಂಬರಿನಲ್ಲಿ ರಾಜ್ಯದ ಮೇಲ್ಮನೆ, ಅಂದರೆ ಸೆನೆಟ್ ಚುನಾವಣೆಯಲ್ಲಿ ಸೋತರು. ರಿಪಬ್ಲಿಕನ್ನರು ಕಣ್ಣುಮುಚ್ಚಿ ಗೆಲ್ಲುವ ಕ್ಷೇತ್ರ ಅದು, ಅಲ್ಲಿ ಡೆಮಾಕ್ರಟ್ ಜೇ ಬ್ಲಾಂಚರ್ಡ್ ಗೆದ್ದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೇಗ ನುಗ್ಗಿದವರಿಗೆ ದುಡ್ಡು ಸಿಕ್ಕಿತು, ಸುಳ್ಳು ಹೇಳುವುದಿಲ್ಲ. ಆದರೆ ಕ್ರೆಡಿಟ್ ಅನ್ನುವುದು ಅಂಗಡಿಯಲ್ಲಿ ಕೈಗೆ ಸಿಗುವ ಡಿಸ್ಕೌಂಟ್ ಅಲ್ಲ. ಕಾರಿನ ಸಾಲ ಇವತ್ತಿಂದ ಶುರು, ಕ್ರೆಡಿಟ್ ಬರುವುದು ರಿಟರ್ನ್ ಸಲ್ಲಿಸಿದ ಮೇಲೆ. ನಡುವೆ ಕಾನೂನು ಬದಲಾದರೆ ನಾವು ನಡುನೀರಿನಲ್ಲಿ. ಗಾಡಿ ಬುಕ್ ಮಾಡಿ, ಟ್ಯಾಂಕ್ ಕೂರಿಸುವ ವರ್ಕ್‌ಶಾಪಿನ ಸರದಿಯಲ್ಲಿ ಕಾಯುತ್ತಿದ್ದವರ ಮುಖ ನೋಡಬೇಕಿತ್ತು ಆ ಅಕ್ಟೋಬರಿನಲ್ಲಿ. ಅಕ್ಕಪಕ್ಕದ ಮನೆಯವರು ಹೀಯಾಳಿಸಿದ್ದು ಬೇರೆ.

ಸ್ಯಾನ್ ಹೋಸೆಯಿಂದ

ನಾನು 2008ರಲ್ಲಿ ಹೊಸ ಸಿವಿಕ್ ಜಿಎಕ್ಸ್ ಕೊಂಡವನು. ಇದು ಅರಿಜೋನಾದ ಥರ ಎರಡು ಇಂಧನದ್ದಲ್ಲ, ಬರೀ ಸಿಎನ್‌ಜಿಯಲ್ಲಿ ಓಡುವ ಕಾರು. ಹಾಗಾಗಿ ಹೆಸರಿಗೊಂದು ಟ್ಯಾಂಕ್ ಇಟ್ಟುಕೊಂಡು ಪೆಟ್ರೋಲಲ್ಲಿ ಓಡಿಸುವ ಮಾತೇ ಇಲ್ಲ.

ಕೇಂದ್ರದ ಕ್ರೆಡಿಟ್ 4,000 ಡಾಲರ್ ಇತ್ತು. 2005ರ ಇಂಧನ ಕಾಯ್ದೆಯಲ್ಲಿ ಬಂದದ್ದು. ಆ ಕಾಯ್ದೆ ಬರೆದವರು ಅರಿಜೋನಾದವರಿಗಿಂತ ಹುಷಾರು ಅಂತ ನನ್ನ ಅಭಿಪ್ರಾಯ. ಸಾಮಾನ್ಯ ಕಾರಿಗಿಂತ ಎಷ್ಟು ಹೆಚ್ಚು ಬೆಲೆಯೋ ಆ ಹೆಚ್ಚಿನ ಬೆಲೆಯ ಮೇಲೆ ಮಾತ್ರ ಕ್ರೆಡಿಟ್, ಇಡೀ ಕಾರಿನ ಮೇಲಲ್ಲ. ಅದಕ್ಕೂ ಮಿತಿ ಇತ್ತು. ಕಾರಿನ ಮೊದಲ ಬಳಕೆ ನಮ್ಮದೇ ಆಗಿರಬೇಕಿತ್ತು. ಮಾರುವುದಕ್ಕೆಂದೇ ಕೊಂಡರೆ ಕ್ರೆಡಿಟ್ ಇರಲಿಲ್ಲ. ಲೀಸಿಗೆ ತಗೊಂಡರೆ ಕ್ರೆಡಿಟ್ ಲೀಸ್ ಕಂಪನಿಗೆ ಹೋಗುತ್ತಿತ್ತು, ನಮಗಲ್ಲ. ಇದನ್ನು ನನಗೆ ಕಾರು ಮಾರಿದ ಡೀಲರ್ ಬಾಯಿಬಿಟ್ಟು ಹೇಳಲೇ ಇಲ್ಲ, ಕಾಗದ ಓದುವಾಗ ಕಣ್ಣಿಗೆ ಬಿತ್ತು.

ಇನ್ನೊಂದು ಕೊಕ್ಕೆ ಎಎಂಟಿ, ಅಂದರೆ ರಿಯಾಯಿತಿಗಳನ್ನು ಬದಿಗಿಟ್ಟು ಇಷ್ಟಾದರೂ ಕಟ್ಟಲೇಬೇಕು ಅನ್ನುವ ಕನಿಷ್ಠ ತೆರಿಗೆಯ ಬೇರೆ ಲೆಕ್ಕ. ಗಂಡ ಹೆಂಡತಿ ಇಬ್ಬರೂ ದುಡಿಯುವ, ಕ್ಯಾಲಿಫೋರ್ನಿಯಾದಂಥ ಕಡೆ ರಾಜ್ಯದ ತೆರಿಗೆ ಜಾಸ್ತಿ ಕಟ್ಟುವ ಮನೆಗಳು ಆಗ ಎಎಂಟಿಗೆ ಸಿಕ್ಕಿಬೀಳುತ್ತಿದ್ದವು. ಸಿಕ್ಕಿಬಿದ್ದರೆ ಈ ಕ್ರೆಡಿಟ್ ಸೊನ್ನೆ. ಮುಂದಿನ ವರ್ಷಕ್ಕೆ ತಳ್ಳುವಂತೆಯೂ ಇರಲಿಲ್ಲ. ನಮ್ಮ ಗೆಳೆಯರೊಬ್ಬರಿಗೆ ಹೀಗೇ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 2009ರಲ್ಲಿ ಆ ನಿಯಮ ಸಡಿಲವಾಯಿತು.

ನಿಜ ಹೇಳಬೇಕಂದರೆ ನನಗೆ ಕ್ರೆಡಿಟ್ಟಿಗಿಂತ ಹೆಚ್ಚು ದಕ್ಕಿದ್ದು ಬಿಳಿ ಸ್ಟಿಕ್ಕರ್. ಅದನ್ನು ಬಂಪರಿಗೆ ಅಂಟಿಸಿದರೆ ಒಬ್ಬನೇ ಇದ್ದರೂ ಕಾರ್‌ಪೂಲ್ ಲೇನಿನಲ್ಲಿ ಹೋಗಬಹುದಿತ್ತು. ಬೆಳಗಿನ ಟ್ರಾಫಿಕ್ಕಿನಲ್ಲಿ ಅದರ ಬೆಲೆ ಗೊತ್ತಿದ್ದವರಿಗೇ ಗೊತ್ತು. ಸ್ಟಿಕ್ಕರ್ ಆಸೆಗೇ ಈ ಕಾರು ಕೊಂಡವರೂ ಇದ್ದರು. ಈಗ ಅದೂ ಇಲ್ಲ, ಸ್ಟಿಕ್ಕರ್ ಯೋಜನೆಯೇ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಡಿಕ್ಕಿಯ ಅರ್ಧಕ್ಕೂ ಹೆಚ್ಚು ಜಾಗ ಟ್ಯಾಂಕಿಗೆ ಹೋಗುತ್ತೆ. ಏರ್‌ಪೋರ್ಟಿಗೆ ಅತ್ತೆ ಮಾವನನ್ನು ಕರೆತರಲು ಇನ್ನೊಂದು ಕಾರು ಬೇಕಾಗುತ್ತಿತ್ತು.

ಬೆಂಗಳೂರಿನಿಂದ

ಮಧ್ಯೆ ಬಾಯಿ ಹಾಕುತ್ತೇನೆ. ನಮ್ಮಲ್ಲಿ ಇಂಥ ಆಟಕ್ಕೆ ಜಾಗವೇ ಇಲ್ಲ. ಸಣ್ಣ ಸಿಎನ್‌ಜಿ ಕಾರಿಗೂ ಸಣ್ಣ ಪೆಟ್ರೋಲ್ ಕಾರಿಗೂ ಒಂದೇ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 18 ಪರ್ಸೆಂಟ್. ಮಹಾರಾಷ್ಟ್ರದಲ್ಲಂತೂ 2025ರಲ್ಲಿ ಸಿಎನ್‌ಜಿ ಕಾರಿನ ವಾಹನ ತೆರಿಗೆ ಒಂದು ಪರ್ಸೆಂಟ್ ಜಾಸ್ತಿಯೇ ಆಯಿತು. ಇಲ್ಲಿ ಸಿಎನ್‌ಜಿ ಕೊಳ್ಳುವವನು ಕಿಲೋಮೀಟರ್ ಲೆಕ್ಕ ಹಾಕಿ ಕೊಳ್ಳುತ್ತಾನೆ. ಬಂಕಿನ ಕ್ಯೂನಲ್ಲಿ ಕ್ಯಾಬು, ಆಟೋದವರೇ ಜಾಸ್ತಿ ಇರುವುದು ಅದಕ್ಕೇ.

ಸಾಲ್ಟ್ ಲೇಕ್ ಸಿಟಿಯಿಂದ

ಬೆಂಗಳೂರಿನವರ ಮಾತು ಇಲ್ಲಿಗೂ ಹೊಂದುತ್ತೆ. 2008ರ ಬೇಸಿಗೆಯಲ್ಲಿ ಪೆಟ್ರೋಲ್ ಗ್ಯಾಲನ್ನಿಗೆ 4 ಡಾಲರ್ ಆಸುಪಾಸು ಇದ್ದಾಗ ಯೂಟಾದಲ್ಲಿ ಅಷ್ಟೇ ದೂರ ಓಡಿಸುವ ಸಿಎನ್‌ಜಿ 87 ಸೆಂಟಿಗೆ ಸಿಗುತ್ತಿತ್ತು. ಕ್ಯಾಲಿಫೋರ್ನಿಯಾದ ಹಳೇ ಜಿಎಕ್ಸ್‌ಗಳಿಗೆ ಇಲ್ಲಿ ಜನ ಮುಗಿಬಿದ್ದರು. ನಾನೂ ಒಂದು ಕೊಂಡೆ. ಹಳೇ ಕಾರು, ಹಾಗಾಗಿ ಕೇಂದ್ರದ ಕ್ರೆಡಿಟ್ ನಾನು ಕೇಳುವಂತೆಯೇ ಇರಲಿಲ್ಲ. ಆದರೂ ದಿನಾ ದೂರ ಓಡಿಸುತ್ತಿದ್ದರಿಂದ ಗ್ಯಾಸಿನಲ್ಲೇ ಗಿಟ್ಟಿತು. ಇಪಿಎ (ಕೇಂದ್ರದ ಪರಿಸರ ಇಲಾಖೆ) ಒಪ್ಪಿಗೆ ಇಲ್ಲದ, ಪೆಟ್ರೋಲ್ ಕಾರನ್ನು ಸಿಎನ್‌ಜಿಗೆ ಬದಲಿಸುವ ಅಗ್ಗದ ಕಿಟ್ ಹಾಕಿಸಿದವರ ಪಾಡು ಬೇಡ, ಮಾರಲು ಹೋದಾಗ ಮೂಸಿ ನೋಡುವವರಿಲ್ಲ.

ತಮ್ಮಾ, ನೀನು ಕ್ರೆಡಿಟ್ ವಿಷಯ ಬಿಟ್ಟು ಮೊದಲು ಟ್ಯಾಂಕ್ ನೋಡು. ಅದರ ಮೇಲೊಂದು ಲೇಬಲ್ ಇರುತ್ತೆ, ಇಂಥ ತಿಂಗಳು ಇಂಥ ವರ್ಷದ ನಂತರ ಬಳಸಬೇಡಿ ಅಂತ. ಆ ದಿನ ದಾಟಿದರೆ ಟ್ಯಾಂಕ್ ಬದಲಿಸಲೇಬೇಕು. ಹಳೇ ಕಾರಿಗೆ ಹೊಸ ಟ್ಯಾಂಕ್ ಅಂದರೆ ಮೂಗಿಗಿಂತ ಮೂಗುತಿ ಭಾರ.

ಕೇಳಿದವರು

ಧನ್ಯವಾದ ಅಣ್ಣಾ. ಲೇಬಲ್ಲಿನ ಫೋಟೋ ಕೇಳಿದ್ದೆ, ಕಳಿಸಿದ್ದಾನೆ. ಇನ್ನು ಎರಡು ವರ್ಷವೂ ಇಲ್ಲ! ಕ್ರೆಡಿಟ್ ಇದೆ ಅಂತ ಮಾತ್ರ ಈಗಲೂ ಹಟ ಹಿಡಿದಿದ್ದಾನೆ.

ಡಾಲಸ್‌ನಿಂದ, ತೆರಿಗೆ ರಿಟರ್ನ್ ಮಾಡುವವಳು

ಯಾವ ಕ್ರೆಡಿಟ್ ಅಂತ ಅವನನ್ನೇ ಕೇಳಿ. ಸಿಎನ್‌ಜಿ ಕಾರು ಕೊಂಡವರಿಗಿದ್ದ ಕೇಂದ್ರದ ಕ್ರೆಡಿಟ್ 2010ರ ಕೊನೆಗೇ ಮುಗಿದಿದೆ, ಅದೂ ಹೊಸ ಕಾರಿಗೆ ಮಾತ್ರ ಇದ್ದದ್ದು. ಹೋಂಡಾ ಆ ಕಾರು ಮಾಡುವುದನ್ನೇ 2015ರಲ್ಲಿ ನಿಲ್ಲಿಸಿತು. ಗ್ಯಾಸಿನ ಮೇಲೆ ಗ್ಯಾಲನ್ ಲೆಕ್ಕಕ್ಕೆ 50 ಸೆಂಟಿನ ಕ್ರೆಡಿಟ್ ಒಂದಿತ್ತು, 2024ರ ಕೊನೆಗೆ ಅದೂ ಹೋಯಿತು. ಬಳಸಿದ ಎಲೆಕ್ಟ್ರಿಕ್ ಕಾರಿಗಿದ್ದ ಕ್ರೆಡಿಟ್ ಜೊತೆ ಗೊಂದಲ ಮಾಡಿಕೊಂಡಿರಬಹುದು. ಅದಕ್ಕೆ ಸಿಎನ್‌ಜಿ ಸೇರುತ್ತಿರಲಿಲ್ಲ, 2025ರ ಸೆಪ್ಟೆಂಬರ್ 30ರ ನಂತರ ಕೊಂಡ ಕಾರಿಗೆ ಅದೂ ಇಲ್ಲ.

ಒಂದು ಮಾತು. ವೀಸಾದ ಮೇಲೆ ಇರುವವರು ಇಲ್ಲದ ಕ್ರೆಡಿಟ್ ತೋರಿಸಿ ರಿಟರ್ನ್ ಸಲ್ಲಿಸಬೇಡಿ. ನೋಟಿಸ್ ಬರುವುದು ನಿಮ್ಮ ಹೆಸರಿಗೆ, ಕಾರು ಮಾರಿದವನ ಹೆಸರಿಗಲ್ಲ. ನಾಲ್ಕು ಸಾವಿರಕ್ಕೆ ಗ್ರೀನ್ ಕಾರ್ಡ್ ಫೈಲಿನ ನಿದ್ದೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಅವನು ಹೇಳುವ ಬೆಲೆಯಲ್ಲಿ ಕ್ರೆಡಿಟ್ಟನ್ನು ಪೂರ್ತಿ ಕಳೆದು, ಟ್ಯಾಂಕಿನ ಖರ್ಚನ್ನೂ ಕಳೆದು, ಉಳಿದದ್ದಕ್ಕೆ ಕೊಡುತ್ತಾನಾ ಕೇಳಿ ನೋಡಿ. ನಿಮ್ಮ ಮನೆಯಿಂದ ಆಫೀಸಿನ ದಾರಿಯಲ್ಲಿ ಸಿಎನ್‌ಜಿ ಬಂಕ್ ಇಲ್ಲದಿದ್ದರೆ ಅದನ್ನೂ ಕೇಳಬೇಕಿಲ್ಲ.